ನೀಲಿ ಕುರಿ ಹಾಡಿನ ವರ್ಷ

ಹೋದ ತಿಂಗಳು ಕೊರಟಗೆರೆಯಲ್ಲಿ ನಮ್ಮ ನೆಂಟರ ಪೈಕಿ ಒಂದು ಮದುವೆ. ಎರಡನೇ ಪಂಕ್ತಿಗೆ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದು, ಅದರ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಹೊರಗೆ ಚಪ್ಪರದಲ್ಲಿದ್ದ ಡಿಜೆಯವನು ಒಂದು ಹಾಡು ಹಾಕಿದ. ಮೊದಲು ನೀರಿನ ತಳದಿಂದ ಬಂದಂತೆ ಒಂದು ಗುಂಯ್ ಎನ್ನುವ ಸದ್ದು. ಆಮೇಲೆ ಹಿಂದುಮುಂದಾಗಿ ತಿರುಗಿಸಿದ ತಮಟೆ. ಅದರ ಮೇಲೆ ನಿದ್ದೆಗಣ್ಣಿನಲ್ಲಿ ಹಾಡಿದಂಥ ಒಂದು ಹೆಣ್ಣು ದನಿ:

ಏಳು ಬೆಟ್ಟದ ಕಣ್ಣಿನೊಳಗೆ ಎಂಟನೇ ಬೆಟ್ಟ ಮಲಗಿತು
ನೀಲಿ ಕುರಿಯು ನೀರ ಮೇಯ್ದು ಬೆಂಕಿ ಹಾಲು ಸುರಿಯಿತು

ಮಕ್ಕಳು ಕುಣಿಯತೊಡಗಿದವು. ಪಕ್ಕದಲ್ಲಿ ಕೂತಿದ್ದವರು ಸಾರಿನ ಬೆರಳು ನೆಕ್ಕುತ್ತಾ, "ಹಾಡು ಚೆನ್ನಾಗೈತೆ ಕಣ್ರೀ, ಏನ್ ಹೇಳ್ತಾಳೆ ಅನ್ನೋದು ಮಾತ್ರ ದೇವ್ರಿಗೇ ಗೊತ್ತು" ಅಂದರು. ನನಗೆ ಗೊತ್ತಿತ್ತು, ಇನ್ನು ಎರಡು ಸಾಲು ಕಳೆದರೆ ಸಂಗೀತವೆಲ್ಲ ಒಮ್ಮೆಲೇ ನಿಲ್ಲುತ್ತದೆ, ಆ ಖಾಲಿ ಜಾಗದಲ್ಲಿ ಒಬ್ಬ ಗಂಡಸಿನ ದನಿ ಬರುತ್ತದೆ. ಅದು ಬರುವ ಮೊದಲೇ ಎದ್ದು ಕೈತೊಳೆಯುವ ಕಡೆಗೆ ನಡೆದೆ. ನಮ್ಮ ಸೀಮೆಯಲ್ಲಿ ಹೋಳಿಗೆ ಬಿಟ್ಟು ಎದ್ದವನನ್ನು ಕಾಯಿಲೆಯವನು ಅಂತಲೇ ತಿಳಿಯುತ್ತಾರೆ. ಮದುವೆ ಹೆಣ್ಣಿನ ಅಪ್ಪ ಓಡಿ ಬಂದು, "ಶುಗರ್ರಾ?" ಅಂತ ಕೇಳಿದ. ಹೂಂ ಅಂದೆ. ನಲ್ಲಿಯನ್ನು ಜೋರಾಗಿ ತಿರುಗಿಸಿ, ನೀರಿನ ಸದ್ದಿನಲ್ಲಿ ಕಿವಿ ಮುಚ್ಚಿಕೊಂಡೆ.

ಆ ಹಾಡು ಹುಟ್ಟಿದ ವರ್ಷ ನಾನು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆ ಕೆಲಸದಲ್ಲಿದ್ದೆ. ದನ ಕುರಿಗಳಿಗೆ ಲಸಿಕೆ ಹಾಕುವುದು, ಜಂತುಹುಳದ ಔಷಧಿ ಕುಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇವೇ ನನ್ನ ಕೆಲಸ. ಡಾಕ್ಟರು ಬೇರೆ ಇದ್ದರು. ಆದರೆ ಕೈಯಲ್ಲಿ ಸೂಜಿ ಹಿಡಿದವರೆಲ್ಲ ಹಳ್ಳಿಯವರಿಗೆ ಡಾಕ್ಟರೇ. "ನಾನು ಡಾಕ್ಟರಲ್ಲ ಕಣವ್ವ" ಅಂತ ಮೊದಮೊದಲು ತಿದ್ದುತ್ತಿದ್ದೆ. "ಆಯ್ತು ಬುಡಿ ಡಾಕ್ಟ್ರಪ್ಪ" ಅನ್ನುತ್ತಿದ್ದರು. ಕೊನೆಗೆ ತಿದ್ದುವುದನ್ನೇ ಬಿಟ್ಟೆ.

ಬೆಟ್ಟದ ಬುಡದಲ್ಲಿ, ಪಾವಗಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ಒಂದು ಹಟ್ಟಿ. ಕುರಿ ಕಾಯುವವರದು. ಅಲ್ಲಿ ಜುಂಜಣ್ಣ ಅಂತ ಒಬ್ಬರಿದ್ದರು. ಅವರ ಹೆಂಡತಿ ಗಂಗಮ್ಮ, ತಮ್ಮ ಚಿಕ್ಕಣ್ಣ, ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದ ಒಬ್ಬಳೇ ಮಗಳು ಶಿಲ್ಪ. ಈ ನಾಲ್ವರ ಬದುಕೂ ಒಂದು ಕುರಿಮಂದೆಯ ಬೆನ್ನ ಮೇಲೆ ನಡೆಯುತ್ತಿತ್ತು. ಹೊಲ ಇರಲಿಲ್ಲ. ಕುರಿಯೇ ಹೊಲ, ಕುರಿಯೇ ಬ್ಯಾಂಕು, ಮಗಳ ಹಾಸ್ಟೆಲ್ಲಿನ ಅನ್ನವೂ ಅದೇ.

ಆ ಕಡೆಯ ಒಂದು ಪದ್ಧತಿ ಹೇಳಬೇಕು. ಪ್ರತಿಯೊಬ್ಬ ಕುರಿ ಕಾಯುವವನಿಗೂ ಅವನದೇ ಒಂದು ಕೂಗು ಇರುತ್ತದೆ. ಜುಂಜಣ್ಣನದು ಹೇಗಿತ್ತೆಂದರೆ, ಮೊದಲು ನಾಲಿಗೆಯನ್ನು ಮೇಲಕ್ಕೆ ಹಚ್ಚಿ "ಹೂರ್ರ್ರ್" ಅಂತ ಉದ್ದಕ್ಕೆ ಎಳೆದು, ಗಂಟಲಿನಲ್ಲಿ ಒಂದು ತಿರುವು ಕೊಟ್ಟು, ಕೊನೆಗೆ ಮಗುವನ್ನು ಕರೆದ ಹಾಗೆ "ಬಾರವ್ವೋ ಕೆಂದೀ" ಅನ್ನುತ್ತಿದ್ದರು. ಕೆರೆ ಏರಿಯ ಮೇಲೆ ಎರಡು ಮಂದೆ ಎದುರಾಗಿ ಕಲಸಿಹೋದರೆ ಹೊಸಬರಿಗೆ ಗಾಬರಿಯಾಗುತ್ತದೆ, ಯಾವುದು ಯಾರದೆಂದು ಹೇಗೆ ಆರಿಸುವುದು ಅಂತ. ಅವರು ಆರಿಸುವುದೇ ಇಲ್ಲ. ಒಬ್ಬ ಆ ತುದಿಗೆ, ಒಬ್ಬ ಈ ತುದಿಗೆ ನಿಂತು ತಮ್ಮ ತಮ್ಮ ಕೂಗು ಹಾಕುತ್ತಾರೆ. ಹುಣಿಸೆ ಹಣ್ಣಿನಿಂದ ಬೀಜ ಬಿಡಿಸಿಕೊಂಡ ಹಾಗೆ ಮಂದೆಗಳು ಬಿಡಿಸಿಕೊಂಡು ಹೋಗುತ್ತವೆ. ಕೆಂದಿ ಎಂಬುದು ಜುಂಜಣ್ಣನ ಮಂದೆಯ ಮುಂದಾಳು. ಹುಟ್ಟಿದಾಗಲೇ ತಾಯಿ ಸತ್ತಿತ್ತು. ಜುಂಜಣ್ಣ ಶೀಸೆಯಲ್ಲಿ ಹಾಲು ಕುಡಿಸಿ, ಕಂಬಳಿಯೊಳಗೆ ಮಲಗಿಸಿಕೊಂಡು ಸಾಕಿದ್ದರು. "ಮಗಳು ಹಾಸ್ಟೆಲ್ಲಾಗವ್ಳೆ, ಇವ್ಳು ರೊಪ್ಪದಾಗವ್ಳೆ" ಅಂತ ನಗುತ್ತಿದ್ದರು.

ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ ಜುಂಜಣ್ಣ ಹೋಗಿಬಿಟ್ಟರು. ಮೇಯಿಸಲು ಹೋದವರು ಬಂಡೆಗೆ ಒರಗಿ ಕೂತಿದ್ದಾರೆ, ಹಾಗೆಯೇ ಎದೆ ನಿಂತಿದೆ. ಸಾಯಂಕಾಲ ಮಂದೆ ಬರಲಿಲ್ಲವಲ್ಲ ಅಂತ ಚಿಕ್ಕಣ್ಣ ಹುಡುಕಿಕೊಂಡು ಹೋದರೆ, ಕುರಿಗಳೆಲ್ಲ ಅಣ್ಣನ ಸುತ್ತ ನಿಂತಿದ್ದುವಂತೆ. ಕರೆಯದೆ ಅವು ಕದಲುವಂತಿಲ್ಲವಲ್ಲ, ಕಾಯುತ್ತಿದ್ದವು.

ಸತ್ತವನ ಕೂಗನ್ನು ಅವರು ಮತ್ತೆ ಕೂಗುವುದಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಚಿಕ್ಕಣ್ಣ ತನ್ನದೇ ಒಂದು ಕೂಗನ್ನು ಮಂದೆಗೆ ಕಲಿಸಲು ಶುರುಮಾಡಿದ. ಕರೆಯುವುದು, ಬಂದದ್ದಕ್ಕೆ ಒಂದು ಹಿಡಿ ಮೇವು ಕೊಡುವುದು. ಹೀಗೆ ಒಂದು ಮಳೆಗಾಲ ಮಾಡಿದರೆ ಹಳೆಯ ಕೂಗು ತಾನಾಗಿ ಸವೆದುಹೋಗುತ್ತದೆ. "ಕೂಗು ಸತ್ತೋನ ಜೊತೆಗೇ ಹೋಗ್ಬೇಕು ಡಾಕ್ಟ್ರೇ," ಅಂದಿದ್ದ ಚಿಕ್ಕಣ್ಣ, "ಇಲ್ದಿದ್ರೆ ಕುರಿ ಎರಡು ಯಜಮಾನ್ರ ಮಧ್ಯೆ ಹುಚ್ಚಿಡೀತವೆ."

ಅಪ್ಪನ ತಿಥಿಗೆ ಬಂದ ಶಿಲ್ಪ ಜ್ವರ ಹಿಡಿದು ಮಲಗಿದಳು. ವಿಪರೀತ ಜ್ವರ. ಎದ್ದ ಮೇಲೆ ಹಳೇ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಏನೇನೋ ಗೀಚಿದಳು. ಕಾಲೇಜಿನ ಸ್ಪರ್ಧೆಗಳಲ್ಲಿ ಹಾಡಿ ಕಪ್ ಗೆದ್ದವಳು; ಹಾಡುಗಾರ್ತಿ ಆಗಬೇಕೆಂಬ ಆಸೆ ಇತ್ತು. ಶಿರಾದಲ್ಲಿ ಸಾದಿಕ್ ಅಂತ ಒಬ್ಬ ಹುಡುಗನ ಪರಿಚಯವಾಗಿತ್ತು. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು, ಮನೆಯ ಮಹಡಿಯ ಕೋಣೆಯ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿಕೊಂಡು ರೆಕಾರ್ಡಿಂಗ್ ಮಾಡುವವನು. ಅವನಿಗೆ ಭ್ರಮೆ ಹತ್ತಿದಂಥ ಸಂಗೀತದ ಹುಚ್ಚು. ತಮಟೆಯನ್ನು ತಿರುಗುಮುರುಗು ಮಾಡುವುದು, ಕೊಳಲನ್ನು ನೀರಿನೊಳಗೆ ಅದ್ದಿದಂತೆ ಕೇಳಿಸುವುದು ಇವೆಲ್ಲ ಅವನ ಕೈಚಳಕ.

ಇವಳ ಸಾಲುಗಳನ್ನು ಕೇಳಿ, "ಇದಕ್ಕೆ ಗಂಡು ದನಿ ಒಂದು ಬೇಕು. ಡ್ಯೂಯೆಟ್ ಮಾಡೋಣ" ಅಂದನಂತೆ.

ಇವಳು ಫೋನು ತೆಗೆದು ಅಪ್ಪನ ದನಿ ಕೇಳಿಸಿದಳು. ಜುಂಜಣ್ಣನಿಗೆ ಓದು ಬರಹ ಬರುತ್ತಿರಲಿಲ್ಲ. ಮಗಳಿಗೆ ಮೆಸೇಜು ಅಂದರೆ ಫೋನಿನಲ್ಲಿ ಮಾತು ತುಂಬಿ ಕಳಿಸುವುದು. "ಉಂಡ್ಯಾ ಮಗಾ, ನಾನಿಲ್ಲಿ ಕಲ್ಲುಕಟ್ಟೆತಾವ ಇವ್ನಿ" ಅಂತ ಏನೋ ಹೇಳುತ್ತಾ ಹೇಳುತ್ತಾ, ನಡುವೆ ಎತ್ತಲೋ ಹೊರಟ ಕುರಿಯನ್ನು ಕರೆದಿದ್ದರು. ಆ ಕೂಗು ಹಾಗೆಯೇ ಅದರಲ್ಲಿ ಉಳಿದಿತ್ತು.

ಸಾದಿಕ್ ಕುರ್ಚಿಯಿಂದ ಎದ್ದೇಬಿಟ್ಟ. "ಅರೆ, ಇದೇ! ಇದೇ ಗಂಡು ದನಿ! ನೀವು ಒಂದು ಸಾಲು, ಅಪ್ಪಾಜಿ ಒಂದು ಕೂಗು. ಕಸಂ ಸೆ, ಇಂಥಾದ್ದು ಯಾರೂ ಮಾಡಿಲ್ಲ."

ಮಗಳು ಹಾಡುವುದು, ಸತ್ತ ಅಪ್ಪ ಕೂಗುವುದು, ಇದೇ ಆ ಜೋಡಿ ಹಾಡು. ಬಾಕಿ ಕಡೆಯೆಲ್ಲ ಜುಂಜಣ್ಣನ ದನಿಯನ್ನು ಎಳೆದು, ತಿರುಚಿ, ಮೋಡದೊಳಗಿಂದ ಬಂದಂತೆ ಮಾಡಿದ್ದ. ಒಂದೇ ಒಂದು ಕಡೆ, ನಡು ಮಧ್ಯದಲ್ಲಿ, ಸಂಗೀತ ಪೂರ್ತಿ ನಿಲ್ಲಿಸಿ ಕೂಗನ್ನು ಇದ್ದದ್ದು ಇದ್ದ ಹಾಗೆ ಬಿಟ್ಟಿದ್ದ. ಕೇಳಿದರೆ ಆ ಮನುಷ್ಯ ನಮ್ಮ ಬೆನ್ನ ಹಿಂದೆಯೇ ನಿಂತಿದ್ದಾನೆ ಅನ್ನಿಸಬೇಕು, ಹಾಗೆ.

ಆಷಾಢದ ಗಾಳಿ ಬೀಸುವ ಹೊತ್ತಿಗೆ ಹಾಡು ಯೂಟ್ಯೂಬಿಗೆ ಬಂತು. ಮೊದಲು ಹಟ್ಟಿ, ಆಮೇಲೆ ಐ.ಡಿ.ಹಳ್ಳಿ, ದೊಡ್ಡೇರಿ, ಮಧುಗಿರಿ ಬಸ್ ಸ್ಟ್ಯಾಂಡು, ಅಲ್ಲಿಂದ ಎತ್ತಲಾಗೋ. ಆಟೋದಲ್ಲಿ ಅದೇ, ಚಹಾ ಹೋಟೆಲಿನಲ್ಲಿ ಅದೇ. ಎಲ್ಲರಿಗೂ ಅದರ ಅರ್ಥದ ಚಿಂತೆ. ನೀಲಿ ಕುರಿ ಎಂದರೆ ಆತ್ಮ ಅಂತ ಒಬ್ಬ ಮೇಷ್ಟ್ರು ಫೋನಿನ ಮುಂದೆ ಕೂತು ಪಾಠ ಮಾಡಿದರು. ಗಾಂಜಾ ಎಳೆದವರಿಗೆ ಮಾತ್ರ ಇದು ತಿಳಿಯುತ್ತದೆ ಅಂತ ಕೆಲವು ಹುಡುಗರು. "ಎಂಟನೇ ಬೆಟ್ಟ ಅಂದ್ರೆ ಯಾವುದು ಸಾರ್, ನಮ್ಮ ಕಡೆ ಏಳು ಬೆಟ್ಟಾನೂ ಇಲ್ವಲ್ಲ?" ಅಂತ ಬಸ್ಸಿನ ಕಂಡಕ್ಟರು ನನ್ನನ್ನೇ ಕೇಳಿದ.

ಲಸಿಕೆ ಹಾಕಲು ಹೋದಾಗ ಶಿಲ್ಪನನ್ನು ಕೇಳಿದೆ. ನಕ್ಕಳು. "ಜ್ವರದಾಗೆ ಕಂಡಿದ್ದು ಸಾರ್. ಕಣ್ಣು ಮುಚ್ಚಿದ್ರೆ ಕುರಿಯೆಲ್ಲಾ ನೀಲಿ ಕಾಣೋವು. ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಮಲಗ್ದಂಗಿರೋದು. ಅಂಗೇ ಬರ್ಕಂಡೆ. ಅರ್ಥ ಅಂದ್ರೆ ನಾನೆಲ್ಲಿಂದ ತರ್ಲಿ?"

ಆವತ್ತೇ ನಾನು ಗಂಗಮ್ಮನ ಸಂಜೆಯ ಪೂಜೆಯನ್ನೂ ನೋಡಿದ್ದು. ಪೂಜೆಯೆಂದೇ ಅನ್ನಬೇಕು. ಮಂದೆ ರೊಪ್ಪಕ್ಕೆ, ಅಂದರೆ ಕುರಿದೊಡ್ಡಿಗೆ, ಬರುವ ಹೊತ್ತಿಗೆ ಆಕೆ ಒಂದು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಫೋನಿಟ್ಟು ಹಾಡು ಹಾಕುತ್ತಿದ್ದಳು. ಗಂಡನ ಕೂಗು ಬರುವ ಜಾಗಕ್ಕೆ ಕುರಿಗಳೆಲ್ಲ ಕಿವಿ ನೆಟ್ಟಗೆ ಮಾಡಿ ಓಡಿ ಬಂದು ಬಕೆಟ್ಟಿನ ಸುತ್ತ ನಿಲ್ಲುತ್ತಿದ್ದವು. ಕೆಂದಿ ಎಲ್ಲರಿಗಿಂತ ಮುಂದೆ, ಫೋನಿಗೆ ಮೂಗು ತಾಗಿಸಿಕೊಂಡು. ಆಗ ಗಂಗಮ್ಮ ಒಂದೊಂದಕ್ಕೂ ಒಂದೊಂದು ಹಿಡಿ ಕಡ್ಲೆಬಳ್ಳಿ ಹಾಕುತ್ತಾ, "ಕೇಳ್ತಾ? ನಿಮ್ಮಪ್ಪನೇ ಕಣ್ರೇ" ಅನ್ನುತ್ತಿದ್ದಳು.

ಚಿಕ್ಕಣ್ಣ ಮಾತ್ರ ದೂರದಲ್ಲಿ ಮುಖ ತಿರುಗಿಸಿಕೊಂಡು ನಿಂತಿದ್ದ. "ಅತ್ಗೆ, ಬ್ಯಾಡ ಅಂದ್ನಲ್ಲ. ಅಣ್ಣನ ಕೂಗು ಮಣ್ಣಾಗೈತೆ. ಅದನ್ನ ಮ್ಯಾಲಕ್ಕೆ ತಗದು ಮೇವು ಬೇರೆ ಹಾಕ್ತೀಯಲ್ಲ. ನನ್ನ ಕೂಗು ಹೆಂಗೆ ಹತ್ತಬೇಕು ಇವುಕ್ಕೆ?"

"ಇದು ಕೂಗಲ್ಲ ಕಣೋ ಚಿಕ್ಕಣ್ಣ, ಹಾಡು," ಅಂದಳು ಗಂಗಮ್ಮ. "ಬಾಯಿ ಇಲ್ದೆ ಕೂಗು ಎಲ್ಲಿಂದ ಬತ್ತದೆ? ಮನುಷ್ಯ ಕೂಗಿದ್ರೆ ತಾನೆ ದೋಷ."

ಆ ಪದ್ಧತಿ ಮಾಡಿದ ಹಿರಿಯರ ಕಾಲದಲ್ಲಿ ಫೋನಿರಲಿಲ್ಲವಲ್ಲ, ಆಕೆಯ ಮಾತನ್ನು ತೆಗೆದುಹಾಕುವಂತೆಯೂ ಇರಲಿಲ್ಲ. ಚಿಕ್ಕಣ್ಣ ತುಟಿ ಕಚ್ಚಿಕೊಂಡು ಹೋದ. ಹೀಗೆ ಆ ಮಳೆಗಾಲವೆಲ್ಲ, ಯಾವ ಕೂಗು ಸವೆಯಬೇಕಿತ್ತೋ ಅದನ್ನೇ ಗಂಗಮ್ಮ ದಿನಾ ಮೇವು ಹಾಕಿ ಸಾಕಿದಳು.

ಶ್ರಾವಣದಲ್ಲಿ ಪಕ್ಕದೂರಿನ ಕಿರಣ ಅನ್ನುವ ಹುಡುಗ ಬೈಕಿನಲ್ಲಿ ಹೋಗುವಾಗ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡಿದ್ದ. ದಾರಿಯ ಪಕ್ಕದಲ್ಲಿ ಮೇಯುತ್ತಿದ್ದ ಮಂದೆ ಒಮ್ಮೆಗೇ ತಲೆ ಎತ್ತಿ ಅವನ ಹಿಂದೆ ಬಿತ್ತು. ಅವನಿಗೆ ಮೊದಲು ಭಯ, ಆಮೇಲೆ ನಗು. ಮಾರನೆಯ ದಿನ ಗೆಳೆಯರನ್ನು ಕಟ್ಟಿಕೊಂಡು ಬಂದ. "ಲೇ, ನೋಡ್ರಲಾ ಮ್ಯಾಜಿಕ್ಕು" ಅಂತ ಹಾಡು ಹಾಕಿ, ಕುರಿ ಓಡಿ ಬರುವುದನ್ನು ಫೋನಿನಲ್ಲಿ ಹಿಡಿದು, "ಸತ್ತೋನು ಕರೆದ, ಕುರಿ ಬಂತು" ಅಂತ ಹೆಸರು ಕೊಟ್ಟು ರೀಲು ಬಿಟ್ಟ. ಅದನ್ನು ಜನ ಹಾಡಿಗಿಂತ ಹೆಚ್ಚಾಗಿ ನೋಡಿದರು. ಹಟ್ಟಿಯವರೂ ನೋಡಿ ನಕ್ಕರು. ಗಂಗಮ್ಮನೂ ನಕ್ಕಳು ಅಂದರೆ ನಂಬಬೇಕು. "ನೋಡಿ, ಊರೆಲ್ಲಾ ನಮ್ಮ ಯಜಮಾನ್ರ ದನಿ ಕೇಳೋ ಹಂಗಾತು" ಅಂದಿದ್ದಳು.

ಆಮೇಲೆ ಅದು ಆಟವಾಯಿತು. ಎಲ್ಲೆಲ್ಲಿಯ ಹುಡುಗರೋ ಬೈಕು ಹಾಕಿಕೊಂಡು ಬರತೊಡಗಿದರು. ಗೌಡಗೆರೆ ಕಡೆಯಿಂದಲೂ ಬಂದರು. ಒಂದು ಗುಂಪು ಬೇಲಿಯ ಆಚೆ ನಿಂತು ಹಾಡು ಹಾಕುವುದು, ಕುರಿ ಮುಳ್ಳು ಬೇಲಿಯಲ್ಲಿ ನುಗ್ಗಿ ಮೈ ಹರಿದುಕೊಂಡು ಬರುವುದು. ಇನ್ನೊಂದು ಗುಂಪು ಬಂಡೆಯ ಎರಡು ಕಡೆ ನಿಂತು ಒಮ್ಮೆ ಇತ್ತ, ಒಮ್ಮೆ ಅತ್ತ ಕೂಗಿಸುವುದು, ಕುರಿ ನಾಲಿಗೆ ಹೊರಗೆ ಹಾಕಿ ಕುಸಿಯುವ ತನಕ. ಚಿಕ್ಕಣ್ಣ ತನ್ನ ಗಂಟಲು ಒಡೆಯುವ ಹಾಗೆ ಕೂಗಿದರೂ ಒಂದೂ ಅವನ ಕಡೆ ತಿರುಗುತ್ತಿರಲಿಲ್ಲ. ಮಂದೆ ಕಂಡವರ ಕಡ್ಲೆಕಾಯಿ ಹೊಲಕ್ಕೆ ನುಗ್ಗಿತು. ಹೊಲದವರು ಸುಮ್ಮನಿರುತ್ತಾರೆಯೇ? ಒಂದು ಕುರಿಯ ಕಾಲು ಮುರಿದು ಕಳಿಸಿದರು. ನಾನು ಬಿದಿರು ಸೀಳಿ ಕಟ್ಟಿದೆ.

ಶಿಲ್ಪ ಕಿರಣನನ್ನು ಕೇಳಿಕೊಳ್ಳಲು ಹೋದಳು. ನಾನು ಆವತ್ತು ಅಲ್ಲೇ ಹೋಟೆಲಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದೆ.

"ಅಣ್ಣಾ, ಬುಟ್ಬುಡ್ರಣ್ಣಾ. ಗಬ್ಬದ ಕುರಿ ಅವೆ. ಓಡ್ಸಿದ್ರೆ ಕಂದು ಹಾಕ್ತವೆ."

"ಹಾಡು ಮಾಡಿದ್ದು ಯಾರು? ನೀನು ತಾನೆ?" ಅಂದ ಅವನು, ಬೈಕಿನಿಂದ ಇಳಿಯದೆ. "ನೀನು ಲೈಕು ತಗಂಡಾಗ ಚೆನ್ನಾಗಿತ್ತು. ನಾವು ತಗಂಡ್ರೆ ಕುರಿ ಕಂದು ಹಾಕ್ತಾವಾ?"

"ನಮ್ಮಪ್ಪನ ದನಿ ಅಣ್ಣಾ ಅದು."

"ಗೊತ್ತು ಕಣಮ್ಮ. ಅದನ್ನ ಊರೂರಿಗೆ ಮಾರ್ಕಂಡೋಳು ನೀನು. ಈಗ ಬಂದು ಅಪ್ಪ ಅಂತೀಯಾ?"

ಬೆಂಚಿನ ಮೇಲಿದ್ದವರು ನಕ್ಕರು. ನಾನು ಎದ್ದು ಬೈದೆ. "ನೀವು ಸೂಜಿ ಚುಚ್ಚೋ ಕೆಲಸ ನೋಡ್ಕಳಿ ಸಾರ್" ಅಂದರು. ಶಿಲ್ಪ ಹೊರಟಳು. ಅವಳ ಬೆನ್ನ ಹಿಂದೆ ಯಾರೋ ಹಾಡನ್ನು ಹಾಕಿದರು, ಅವಳು ತಿರುಗುತ್ತಾಳೋ ನೋಡೋಣ ಅಂತ. ಅವಳು ತಿರುಗಿದಳು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ದೀಪಾವಳಿಯ ಆಸುಪಾಸು, ಕಡ್ಲೆಕಾಯಿ ಕೀಳುವ ಸುಗ್ಗಿ. ಮೂಟೆ ಹೇರಿಕೊಂಡ ಟೆಂಪೋಗಳು ಪಾವಗಡದ ಕಡೆ ಓಡುತ್ತಿದ್ದವು. ಅಂಥದೊಂದು ಟೆಂಪೋದವನು ಜೋರಾಗಿ ಹಾಡು ಹಾಕಿಕೊಂಡು ಹಟ್ಟಿಯ ಮುಂದಿನಿಂದ ಹೋದ. ಅವನಿಗೆ ಈ ಕತೆಯೇ ಗೊತ್ತಿಲ್ಲ, ಅವನ ಪಾಡಿಗೆ ಅವನು ಹೋದ. ಸರಿಯಾಗಿ ರಸ್ತೆಯ ಪಕ್ಕದಲ್ಲಿ ಮಂದೆ ಮೇಯುತ್ತಿತ್ತು. ಸಂಗೀತ ನಿಂತು ಜುಂಜಣ್ಣ ಕರೆದರು. ಮಂದೆ ರಸ್ತೆಗೆ ಹತ್ತಿ ಟೆಂಪೋದ ಹಿಂದೆ ಓಡಿತು. ತಿರುವಿನಲ್ಲಿ ಎದುರಿನಿಂದ ಲಾರಿ ಬಂತು.

ನನಗೆ ಸುದ್ದಿ ಬಂದು ಹೋಗುವಷ್ಟರಲ್ಲಿ ಲಾರಿಯ ಡ್ರೈವರು, ಪಾವಗಡದವನು, ರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತಲೆ ಹೊಡೆದುಕೊಳ್ಳುತ್ತಿದ್ದ. "ಅಯ್ಯೋ ದೇವುಡಾ, ನಾನೇನ್ ಮಾಡ್ಲಿ ಸಾಮೀ, ಬ್ರೇಕ್ ಮ್ಯಾಲೆ ನಿಂತೇಬಿಟ್ಟೆ, ಕುರಿ ನನ್ನ ನೋಡ್ಲೇ ಇಲ್ಲ, ಆ ಟೆಂಪೋನೇ ನೋಡ್ತಾ ಬಂದ್ವು." ಮುಂದಿನ ಸಾಲಿನಲ್ಲಿ ಕೆಂದಿಯೊಂದು ಹೇಗೋ ಪಕ್ಕಕ್ಕೆ ಹಾರಿ ಉಳಿದಿತ್ತು, ಮಿಕ್ಕವೆಲ್ಲ ಹೋಗಿದ್ದವು. ಗಬ್ಬದವೇ ಹೆಚ್ಚು. ಸೊಂಟ ಮುರಿದು ಒದ್ದಾಡುತ್ತಿದ್ದ ಎರಡಕ್ಕೆ ನಾನು ಏನು ಮಾಡಬೇಕಿತ್ತೋ ಅದನ್ನು ಮಾಡಿದೆ. ಗಂಗಮ್ಮ ಒಂದರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಒಳಗಡೆ ಇನ್ನಾ ಆಡ್ತದೆ ಡಾಕ್ಟ್ರಪ್ಪ, ನೋಡಿ, ಆಡ್ತದೆ" ಅನ್ನುತ್ತಿದ್ದಳು. ನಾನು ಕೈಯಿಟ್ಟು ನೋಡುವ ಹೊತ್ತಿಗೆ ಆಡುತ್ತಿರಲಿಲ್ಲ.

ಸುತ್ತ ಜನ. ಅವರಲ್ಲಿ ಒಬ್ಬ ಹಿರಿಯ, ಒಳ್ಳೆಯ ಅಂಗಿ ತೊಟ್ಟವನು, ಬಗ್ಗಿ ನನ್ನ ಕಿವಿಯಲ್ಲಿ, "ಇನ್ನೂ ಬಿಸಿ ಅವೆ ಸಾರ್. ಇವಾಗ್ಲೇ ಕುಯ್ದ್ರೆ ಕೆಡಲ್ಲ. ಗುಡ್ಡೆ ಹಾಕ್ತಾರಂತಾ, ಕೇಳಿ" ಅಂದ. ಮಾಂಸದ ಪಾಲಿಗೆ ನಮ್ಮ ಕಡೆ ಗುಡ್ಡೆ ಅನ್ನುತ್ತಾರೆ. ಕೆಲವರ ಕೈಯಲ್ಲಿ ಆಗಲೇ ಚೀಲ ಇತ್ತು. ಮಿಕ್ಕವರ ಕೈಯಲ್ಲಿ ಫೋನು. ಸಾಯಂಕಾಲದೊಳಗೆ ಆ ರಸ್ತೆಯ ವಿಡಿಯೋ ಎಲ್ಲ ಕಡೆ ಓಡಾಡಿತು, ಅದಕ್ಕೆ ಹಿನ್ನೆಲೆಯಾಗಿ ಅದೇ ಹಾಡು. ನೀಲಿ ಕುರಿ ಎಂದರೇನೆಂದು ಈಗ ತಿಳಿಯಿತು ಅಂತ ಯಾರೋ ಬರೆದಿದ್ದರು. ಹಾಡು ಬರೆದವಳಿಗೆ ಮುಂದಾಗುವುದು ಮೊದಲೇ ಕಂಡಿತ್ತು, ಅವಳ ಮೇಲೆ ಏನೋ ಬರುತ್ತದೆ ಅಂತಲೂ ಬರೆದಿದ್ದರು. ಹಟ್ಟಿಯ ಹೆಂಗಸರು ಅದಾದ ಮೇಲೆ ಅವಳ ನೆರಳು ತಮ್ಮ ಮಕ್ಕಳ ಮೇಲೆ ಬೀಳದ ಹಾಗೆ ನೋಡಿಕೊಂಡರು.

ಶಿಲ್ಪ ಹಾಡನ್ನು ತೆಗೆಸಿದಳು. ಸಾದಿಕ್ ಶಿರಾದಿಂದ ಬಂದು ಗಂಗಮ್ಮನ ಮುಂದೆ ನೆಲ ನೋಡುತ್ತಾ ಕೂತ. "ನಾನು ಡಿಲೀಟ್ ಮಾಡ್ದೆ ಅಮ್ಮೀ. ಲೇಕಿನ್ ಜನ ಇಳಿಸ್ಕೊಂಡವ್ರೆ. ಅದನ್ನ ನಾನು ಹೆಂಗೆ ತೆಗೀಲಿ? ಒಬ್ಬೊಬ್ಬರ ಜೇಬಿಗೆ ಕೈ ಹಾಕಕ್ಕಾಯ್ತದಾ?" ಗಂಗಮ್ಮ ಅವನಿಗೆ ರೊಟ್ಟಿ ಕೊಟ್ಟಳು. ಬೈಯಲಿಲ್ಲ.

ಆವತ್ತು ಚಿಕ್ಕಣ್ಣ ನನ್ನ ಎದುರಿನಲ್ಲೇ ಮಾತು ಮುಗಿಸುವವನ ಹಾಗೆ ಹೇಳಿದ. ಉಳಿದ ಮಂದೆಯನ್ನು ಶಿರಾದ ಸಂತೆಗೆ ಹೊಡೆದುಬಿಡಬೇಕು. ಇಲ್ಲದಿದ್ದರೆ ಕುರಿಗೆ ಕೂಗು ಬಿಡಿಸಬೇಕು.

"ಮರೆಯಂಗೆ ಮಾಡೋ ಇಂಜೆಕ್ಷನ್ ಇಲ್ವಾ ಡಾಕ್ಟ್ರಪ್ಪ?" ಅಂತ ಗಂಗಮ್ಮ ನನ್ನ ಕಡೆ ತಿರುಗಿದಳು. ತಮಾಷೆಗೆ ಕೇಳಿದ್ದಲ್ಲ.

"ಇಲ್ಲ ಕಣವ್ವ."

"ಮತ್ತೆ ಹೆಂಗೆ ಬಿಡ್ಸೋದು?"

ಚಿಕ್ಕಣ್ಣ ಎಲ್ಲೋ ನೋಡುತ್ತಾ ಹೇಳಿದ: "ಕಲಿಸ್ದಂಗೇ. ಮೇವಿನ ಬದ್ಲು ಕೋಲು. ಆ ಕೂಗು ಹಾಕೋದು, ಬಂದದ್ದಕ್ಕೆ ಬಡಿಯೋದು. ಬರೋದು ಬಿಡೋ ತಂಕ."

ಗಂಗಮ್ಮ ಕೊನೆಗೆ, "ಮಾರಿದ್ರೆ ಮಗೀನ ಓದು ನಿಂತೋಗ್ತದೆ, ಒಲೇನೂ ಉರಿಯಲ್ಲ. ಬಡೀರಿ" ಅಂದಳು.

ಮಾರನೆಯ ದಿನ ಸಂಜೆ, ಅದೇ ಬಕೆಟ್ಟು ಬೋರಲು ಬಿತ್ತು. ಸಾದಿಕ್ ಹಾಡಿನಿಂದ ಬರೀ ಆ ಕೂಗನ್ನು ಕತ್ತರಿಸಿ ಕೊಟ್ಟು ಹೋಗಿದ್ದ. ಶಿಲ್ಪನ ಕೈಯಲ್ಲಿ ಸ್ಪೀಕರು. ಚಿಕ್ಕಣ್ಣನ ಕೈಯಲ್ಲಿ ಹುಣಸೆ ಬರಲು, ತೆಳ್ಳನೆಯ ಕೋಲು. ಗಾಯಕ್ಕೆ ಔಷಧಿ ಹಚ್ಚಲು ನನ್ನನ್ನು ಬರಹೇಳಿದ್ದರು.

"ಹೂರ್ರ್ರ್... ಬಾರವ್ವೋ ಕೆಂದೀ."

ಕುರಿಗಳು ಓಡಿ ಬಂದವು. ಚಿಕ್ಕಣ್ಣ ಕೋಲು ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು. "ಆಗಲ್ಲ ಅತ್ಗೆ. ಅಣ್ಣ ಕರೀತಾವ್ನೆ. ಅವ್ನು ಕರೀತಿದ್ರೆ ನಾನೆಂಗೆ ಹೊಡೀಲಿ?"

ಗಂಗಮ್ಮ ಅವನ ಕೈಯಿಂದ ಕೋಲು ಕಿತ್ತುಕೊಂಡಳು. "ಮೇವು ಹಾಕಿದ್ದು ನನ್ನ ಕೈ. ನಾನೇ ಹೊಡೀತೀನಿ, ಸರಿ ಅತ್ಲಾಗೆ."

ಹೊಡೆದಳು. ಮೂಗಿನ ಮೇಲೆ, ಮುಂಗಾಲಿನ ಮೇಲೆ. ಕುರಿಗಳು ಏನಾಯಿತೆಂದು ತಿಳಿಯದೆ ಹಿಂದೆ ಸರಿದು, ಆಕೆಯ ಮುಖವನ್ನೇ ನೋಡುತ್ತಾ ನಿಂತವು. ಮತ್ತೆ ಕೂಗು. ಮತ್ತೆ ಬಂದವು. ಮತ್ತೆ ಹೊಡೆದಳು. ಶಿಲ್ಪ ಸ್ಪೀಕರನ್ನು ಎದೆಗೆ ಒತ್ತಿಕೊಂಡು, ಬೇರೆ ಕಡೆ ಮುಖ ಮಾಡಿಕೊಂಡು, ಅಮ್ಮ "ಹಾಕು" ಅಂದಾಗಲೆಲ್ಲ ಅಪ್ಪನ ದನಿ ಹಾಕುತ್ತಿದ್ದಳು. ಹಟ್ಟಿಯವರು ಬೇಲಿಯ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಬೈಕಿನ ಹುಡುಗರೂ ಬಂದಿದ್ದರು. "ಲೇ, ಮುದುಕಿಗೆ ತಲೆ ಕೆಟ್ಟೋಯ್ತು ಕಣ್ಲಾ, ಹಿಡ್ಕ, ಹಿಡ್ಕ" ಅಂತ ಫೋನು ಎತ್ತಿದರು.

ವಾರ ಕಳೆಯುವಷ್ಟರಲ್ಲಿ ಮರಿಗಳು ಬರುವುದನ್ನು ಬಿಟ್ಟವು. ಆಮೇಲೆ ಟಗರುಗಳು. ಆಮೇಲೆ ಒಂದೊಂದಾಗಿ ಹೆಣ್ಣು ಕುರಿಗಳು. ಕೆಂದಿ ಮಾತ್ರ ಬಿಡಲಿಲ್ಲ. ಏಟು ಬಿದ್ದರೆ ಓಡಿಹೋಗದೆ, ಸುತ್ತಿ ಇನ್ನೊಂದು ಕಡೆಯಿಂದ ಬರುತ್ತಿತ್ತು. ಹೊಡೆಯುವ ಹೆಂಗಸನ್ನು ಹೇಗಾದರೂ ದಾಟಿಬಿಟ್ಟರೆ ಯಜಮಾನ ಸಿಗುತ್ತಾನೆ ಅಂತ ಅದರ ಎಣಿಕೆ ಇದ್ದೀತು. ಒಂದು ಸಂಜೆ ಗಂಗಮ್ಮ ಅದರ ಮೈಮೇಲೆ ಬಿದ್ದಂತೆ ಹೊಡೆದಳು. "ಸತ್ತವ್ನೆ ಕಣೇ! ಸತ್ತವ್ನೆ ಅವ್ನು! ಎಲ್ಲವ್ನೆ ತೋರ್ಸು, ಇದ್ರೆ ನಾನು ಬರ್ತಿರ್ಲಿಲ್ವೇನೇ, ನಿನಗಿಂತ ಮೊದ್ಲು ನಾನು ಬರ್ತಿರ್ಲಿಲ್ವಾ?" ಬರಲಿನ ತುದಿ ಕೆಂದಿಯ ಎಡಗಣ್ಣಿಗೆ ತಾಗಿತು.

ಗಂಗಮ್ಮ ಕೋಲು ಬಿಸಾಕಿ ನೆಲದಲ್ಲಿ ಕೂತು ಅದರ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ನಾನು ಕಣ್ಣು ತೊಳೆದೆ. ಉಳಿಯುವ ಕಣ್ಣಲ್ಲ ಅದು. ಔಷಧಿ ಹಾಕುವ ತನಕ ಆಕೆ ಅದರ ಕಿವಿಯ ಬುಡ ಸವರುತ್ತಿದ್ದಳು, ಅದು ಆಕೆಯ ಸೆರಗನ್ನು ಮೆಲ್ಲುತ್ತಿತ್ತು. ಆಯಿತವ್ವ ಅಂದೆ. ಗಂಗಮ್ಮ ತಲೆಯನ್ನು ಮೆಲ್ಲಗೆ ಕೆಳಗಿಳಿಸಿ, ಎದ್ದು, ಕೋಲನ್ನು ಹುಡುಕಿ ಕೈಗೆ ತೆಗೆದುಕೊಂಡಳು.

"ಶಿಲ್ಪ, ಹಾಕು."

"ಅಮ್ಮಾ, ಸಾಕಮ್ಮಾ..."

"ಇವತ್ತು ಬಿಟ್ರೆ ಇಷ್ಟು ದಿನ ಬಡಿದಿದ್ದೂ ಹಾಳು. ಹಾಕೇ."

ಜುಂಜಣ್ಣ ಕರೆದರು. ಕೆಂದಿ ಎದ್ದು ನಿಂತಿತು. ಉಳಿದ ಒಂದು ಕಣ್ಣಿನಿಂದ ಸ್ಪೀಕರನ್ನು ನೋಡಿತು, ಗಂಗಮ್ಮನನ್ನು ನೋಡಿತು. ಆಮೇಲೆ ತಿರುಗಿ, ರೊಪ್ಪದ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿಕೊಂಡು ನಿಂತಿತು. ಇನ್ನೊಮ್ಮೆ ಕರೆದರು. ತಿರುಗಲಿಲ್ಲ.

ಹಾಗೆ ಮಂದೆ ಉಳಿಯಿತು. ಕಿರಣ ಮತ್ತವನ ಗೆಳೆಯರು ಇನ್ನೆರಡು ಸಲ ಬಂದು ಹಾಡು ಹಾಕಿ, ಒಂದೂ ತಲೆ ಎತ್ತದ್ದನ್ನು ಕಂಡು, "ಥೂ, ಬೋರು ಕಣ್ಲಾ" ಅಂತ ಹೋದರು. ಸಂಕ್ರಾಂತಿಯ ಹೊತ್ತಿಗೆ ಚಿಕ್ಕಣ್ಣನ ಕೂಗಿಗೆ ಕುರಿಗಳು ಸಲೀಸಾಗಿ ಬರತೊಡಗಿದವು. ಶಿಲ್ಪ ಹಾಸ್ಟೆಲಿಗೆ ಹೋಗಿ ಪರೀಕ್ಷೆ ಬರೆದಳು, ಪಾಸಾದಳು. ಹಾಡಿದ್ದನ್ನು ಆಮೇಲೆ ಯಾರೂ ಕೇಳಿಲ್ಲ. ಫೋನಿನಲ್ಲಿದ್ದ ಅಪ್ಪನ ಮೆಸೇಜುಗಳನ್ನು ಇಟ್ಟುಕೊಂಡಿದ್ದೀಯಾ ಅಂತ ಒಮ್ಮೆ ಕೇಳಿದೆ. "ಅವೆ ಸಾರ್," ಅಂದಳು, "ಕೇಳಕ್ಕಾಗಲ್ಲ. ಆ ದನಿ ಬಂದ್ರೆ ಕುರಿ ಅರಚೋದು ಕೇಳ್ತದೆ."

ಬೇಸಗೆಯಲ್ಲಿ ನನಗೆ ವರ್ಗವಾಯಿತು. ಹೇಳಿ ಬರೋಣವೆಂದು ಹಟ್ಟಿಗೆ ಹೋದೆ. ಗಂಗಮ್ಮ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ತಂದಳು. ಮಂದೆ ರಸ್ತೆಯ ಪಕ್ಕದ ಬೀಳು ನೆಲದಲ್ಲಿ ಮೇಯುತ್ತಿತ್ತು, ಹೊಸ ಮರಿಗಳು ಕುಪ್ಪಳಿಸುತ್ತಿದ್ದವು. ಆಕೆ ಲೆಕ್ಕದ ಮಾತು, ಮಗಳ ಮಾತು, ಈ ಸಲದ ಮಳೆಯ ಮಾತು ಆಡುತ್ತಿದ್ದಳು. ಮೈ ಕೈ ತುಂಬಿಕೊಂಡಿದ್ದಳು, ಮುಖದಲ್ಲಿ ನಗು ಬಂದಿತ್ತು. ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸುತ್ತಿದ್ದಾಗ ಪಾವಗಡದ ಕಡೆ ಹೋಗುವ ಖಾಸಗಿ ಬಸ್ಸೊಂದು ಬಂತು. ಒಳಗೆ ಅದೇ ಹಾಡು. ಹಟ್ಟಿಯ ಮುಂದೆ ಬರುವುದಕ್ಕೂ ಸಂಗೀತ ನಿಲ್ಲುವುದಕ್ಕೂ ಸರಿಹೋಯಿತು.

"ಹೂರ್ರ್ರ್... ಬಾರವ್ವೋ ಕೆಂದೀ."

ಬೀಳಿನಲ್ಲಿದ್ದ ಮಂದೆ ಒಮ್ಮೆಲೇ ರಸ್ತೆಗೆ ಬೆನ್ನು ಕೊಟ್ಟು, ಬೆಟ್ಟದ ಕಡೆಗೆ, ತೋಳ ಕಂಡ ಹಾಗೆ ಓಡಿತು. ಎಲ್ಲಕ್ಕಿಂತ ಮುಂದೆ ಕೆಂದಿ. ತಾಯಂದಿರು ಓಡುವುದನ್ನು ಕಂಡು, ಆ ದನಿಯನ್ನು ಎಂದೂ ಕೇಳಿರದ ಮರಿಗಳೂ ಓಡಿದವು. ನಾನು ಗಂಗಮ್ಮನ ಕಡೆ ತಿರುಗಿದೆ. ಆಕೆಯ ಒಂದು ಕೈಯಲ್ಲಿ ಮಜ್ಜಿಗೆಯ ಚೊಂಬು ಹಾಗೆಯೇ ಇತ್ತು. ಇನ್ನೊಂದು ಕೈ ಗೋಡೆಗೆ ಒರಗಿಸಿದ್ದ ಕೋಲನ್ನು ಹಿಡಿದು ಮೇಲಕ್ಕೆ ಎತ್ತಿತ್ತು.

ನಾನು ಆ ಕೋಲನ್ನು ನೋಡಿದ್ದು ಆಕೆಗೂ ಕಂಡಿತು.

"ಕಂಡ್ರಾ ಡಾಕ್ಟ್ರಪ್ಪ," ಅಂದಳು, "ಒಂದೂ ಬರ್ಲಿಲ್ಲ."

ಬಸ್ಸು ತಿರುವು ದಾಟಿ, ಆ ದನಿ ಪೂರ್ತಿ ಅಡಗುವ ತನಕ ಆಕೆ ಕೋಲನ್ನು ಕೆಳಗಿಡಲಿಲ್ಲ.